ಮೂರನೇ ದಶಾಂಶದವರೆಗೆ

ಮಾರ್ಚ್ 3, ಸೋಮವಾರ

ಮತ್ತೆ ಕಾಪರ್ ಸಲ್ಫೇಟ್. ಅಪ್ಪ ಟೊಮೆಟೊಗೆ ಹೊಡೆಯುವ ಅದೇ ಮೈಲುತುತ್ತ; ಲ್ಯಾಬಿನಲ್ಲಿ ಇದಕ್ಕೆ ಉಪ್ಪು ಅನ್ನುತ್ತಾರೆ. ಮೂಸೆಗೆ, ಅಂದರೆ ಪುಟ್ಟ ಪಿಂಗಾಣಿ ಬಟ್ಟಲಿಗೆ, ಹಾಕಿ ಕಾಯಿಸಿದರೆ ಒಳಗಿನ ನೀರು ಹೋಗಿ ನೀಲಿ ಪುಡಿ ಬೆಳ್ಳಗಾಗುತ್ತದೆ. ಎಷ್ಟು ತೂಕ ಇಳಿಯಿತೋ ಅಷ್ಟು ನೀರು. ನೂರಕ್ಕೆ ಮೂವತ್ತಾರು ಬರಬೇಕು. ನನಗೆ 35.8! ಸ್ವಾತಿಗೆ 44. ಉರಿ ಜೋರು ಮಾಡಿ ಪುಡಿಯನ್ನೇ ಸುಟ್ಟು ಕಪ್ಪಗೆ ಮಾಡಿಕೊಂಡಳು; ಸುಟ್ಟಷ್ಟೂ ತೂಕ ಇನ್ನೂ ಇಳಿಯುತ್ತದೆ. ತಾಳ್ಮೆ ಅನ್ನುವುದೇ ಇಲ್ಲ ಇವಳಿಗೆ.

"ಉರಿ ಸಣ್ಣಕೆ ಇಡೇ, ಸೀದೋಗುತ್ತೆ" ಅಂದೆ.

"ನೀನು ಪಕ್ಕದಲ್ಲಿ ಇರ್ತೀಯಲ್ಲ, ಬಿಡೇ."

ಅರಸೀಕೆರೆಯಿಂದ ಜಾವಗಲ್‌ವರೆಗೂ ಬಸ್ಸಿನಲ್ಲಿ ಹೇಳಿಕೊಟ್ಟೆ. ಹೈಸ್ಕೂಲಿನಿಂದ ಒಂದೇ ಸೀಟಿನಲ್ಲಿ ಕೂತವರು.

ನಾಡಿದ್ದು ಪ್ರಾಕ್ಟಿಕಲ್ ಎಕ್ಸಾಂ. ಫಸ್ಟ್ ಬಂದವರಿಗೆ ಮೈಸೂರಿನ ದೊಡ್ಡ ಲ್ಯಾಬಿನಲ್ಲಿ ಎರಡು ತಿಂಗಳ ತರಬೇತಿ. ಕಾಲೇಜಿಗೆ ಒಂದೇ ಸೀಟು. ಬೇಕು. ಬೇಕೇ ಬೇಕು.

ಮಾರ್ಚ್ 5, ಸಂಜೆ 6

ಹೋಯಿತು. ಎಲ್ಲ ಹೋಯಿತು.

ನಿಧಾನಕ್ಕೇ ಕಾಯಿಸಿದ್ದೆ. ಇಳಿಸುವಾಗ ಬೆಳ್ಳಗಿತ್ತು — ಇತ್ತಲ್ಲವಾ? ತೇವ ತಾಗದೆ ಆರಲಿ ಅಂತ ಡೆಸಿಕೇಟರಿನ ಗಾಜಿನ ಡಬ್ಬಿಯಲ್ಲಿ ಸ್ವಾತಿಯ ಮೂಸೆ ಪಕ್ಕ ಇಟ್ಟೆ. ಅಷ್ಟರಲ್ಲಿ ಹೊರಗಿನಿಂದ ಬಂದ ಎಕ್ಸಾಮಿನರ್ ಬಾಯಿಪ್ರಶ್ನೆಯ ವೈವಾಗೆ ಪಕ್ಕದ ರೂಮಿಗೆ ಕರೆದರು. ವಾಪಸ್ ಬಂದು ನೋಡಿದರೆ ನನ್ನ ಜಾಗದಲ್ಲಿದ್ದ ಮೂಸೆಯಲ್ಲಿ ಕಪ್ಪು ಪುಡಿ. ಪೆನ್ಸಿಲ್ಲಿನಲ್ಲಿ ಬರೆದ ನಂಬರ್ ಉರಿಗೆ ಅಳಿಸಿಹೋಗಿತ್ತು. ತೂಗಿದೆ. ನೂರಕ್ಕೆ ಅರವತ್ತೊಂದು ನೀರು!

"ಏನಮ್ಮ, ಉಪ್ಪು ಕಾಯಿಸಿದ್ಯೋ, ಕಲ್ಲಂಗಡಿ ಕಾಯಿಸಿದ್ಯೋ?" ಅಂದರು ಎಕ್ಸಾಮಿನರ್. ಎಲ್ಲರೂ ನಕ್ಕರು. ಸ್ವಾತಿ ನಗಲಿಲ್ಲ. ಬಸ್ಸಿನಲ್ಲಿ ನನ್ನ ಕೈ ಹಿಡಿದುಕೊಂಡೇ ಕೂತಿದ್ದಳು. "ಟೆನ್ಷನ್ನಲ್ಲಿ ಉರಿ ಜಾಸ್ತಿ ಮಾಡ್ಕೊಂಡಿರ್ತೀಯ ಕಣೇ" ಅಂದಳು.

ಇರಬಹುದು.

ಮಾರ್ಚ್ 12, ಬುಧವಾರ

ವಾರವಾಯಿತು ಬರೆದು. ಸ್ವಾತಿ ಫಸ್ಟ್. ಮೈಸೂರಿಗೆ ಅವಳೇ. ಖುಷಿಪಟ್ಟೆ. ನಿಜವಾಗಿ ಪಟ್ಟೆ, ಅದಕ್ಕೇ ಈಗ ಮೈಯೆಲ್ಲ ಉರಿಯುತ್ತಿದೆ.

ನಮ್ಮ ಕೆಮಿಸ್ಟ್ರಿಯ ಶಶಿಧರ್ ಸರ್ ಅವಳ ಉತ್ತರಪತ್ರಿಕೆಯ ಜೆರಾಕ್ಸನ್ನು ನೋಟಿಸ್ ಬೋರ್ಡಿಗೆ ಹಾಕಿದ್ದಾರೆ. ಎಲ್ಲರೂ ಹೀಗೆ ಬರೆಯಬೇಕಂತೆ. ಓದಿದೆ. ಖಾಲಿ ಮೂಸೆ — 21.764 ಗ್ರಾಂ. ಉಪ್ಪು ಹಾಕಿದ ಮೇಲೆ — 23.899.

ನನ್ನವು. ಎರಡೂ ನನ್ನವು! ಎರಡು ಮೂಸೆ ಮೂರನೇ ದಶಾಂಶದವರೆಗೆ ಒಂದೇ ತೂಕ ಎಲ್ಲಿ ಬರುತ್ತದೆ? ನಾನು ವೈವಾಗೆ ಹೋದಾಗ ಮೂಸೆ ಬದಲಾಯಿಸಿದ್ದಾಳೆ. ನನ್ನ ಹಾಳೆ ನೋಡಿಕೊಂಡು ಹೊಸ ಹಾಳೆ ಬರೆದಿದ್ದಾಳೆ.

ಇಡೀ ವಾರ ನನ್ನ ಕಣ್ಣನ್ನೇ ನಂಬದೆ ಅವಳನ್ನು ನಂಬಿದೆ. ಥೂ.

ಮಾರ್ಚ್ 13

ಬಸ್ ಸ್ಟ್ಯಾಂಡಿನಲ್ಲೇ ಕೇಳಿದೆ. "ಆ ತೂಕ ನಂದು."

ಅಳುತ್ತಾಳೆ ಅಂದುಕೊಂಡಿದ್ದೆ. ಇಲ್ಲ.

"ಹೂಂ, ನಿಂದೇ. ನಂದು ಸೀದೋಗಿತ್ತು, ಏನ್ ಮಾಡ್ಲಿ? ನಿಂಗೆ ಹೇಗೂ ಬರುತ್ತೆ, ಮುಂದಿನ್ ವರ್ಷ ಹೋಗ್ತೀಯ."

"ಆ ಡಬ್ಬೀಲಿ ಎಂಟು ಮೂಸೆ ಇದ್ವು. ನಂದೇ ಯಾಕೆ?"

"ಬೇರೆಯವ್ರಾದ್ರೆ ರಂಪ ಮಾಡ್ತಾರೆ. ನೀನು ಸುಮ್ನಿರ್ತೀಯ ಅಂತ ಗೊತ್ತಿತ್ತು ಕಣೇ."

ಬಸ್ ಹತ್ತಿದಳು. ಪಕ್ಕದ ಸೀಟಿಗೆ ಬ್ಯಾಗ್ ಇಟ್ಟು, ಕಿಟಕಿಯಿಂದ "ಬಾರೇ" ಅಂತ ಕರೆದಳು. ಎಂದಿನ ಹಾಗೆ! ನಾನು ಮುಂದಿನ ಬಸ್ಸಿಗೆ ಬಂದೆ, ನಿಂತುಕೊಂಡು.

ಕದ್ದಿದ್ದಕ್ಕಿಂತ ಈ ಮಾತು ಜಾಸ್ತಿ ನೋಯುತ್ತಿದೆ. ಏಳು ವರ್ಷದ ಗೆಳೆತನದಲ್ಲಿ ಅವಳು ಕಲಿತಿದ್ದು ಇಷ್ಟೇನಾ...

ಮಾರ್ಚ್ 15, ಬೆಳಿಗ್ಗೆ 9.10, ಸ್ಟಾಫ್ ರೂಮಿನ ಹೊರಗೆ

ರಫ್ ಬುಕ್ಕಿನ ಹಿಂದೆ ಬರೆಯುತ್ತಿದ್ದೇನೆ.

ಒಳಗೆ ಸರ್ ಜೊತೆ ಸ್ವಾತಿ, ಅವಳಮ್ಮ ಗುರುಸಿದ್ದಮ್ಮ. ಮೈಸೂರಿನ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಲು ಬಂದಿದ್ದಾರೆ. ಬರುವಾಗಲೇ ಆ ತಾಯಿ ನನ್ನ ಗಲ್ಲ ಹಿಡಿದರು. "ಎಲ್ಲಾ ನೀನೇ ಯೋಳ್ಕೊಟ್ಟಿದ್ದಂತೆ ಕಣವ್ವ. ನಿನ್ ಹೊಟ್ಟೆ ತಣ್ಣಗಿರ್ಲಿ" ಅಂತ ಬಾಯಿಗೆ ಪೇಡ ತುರುಕಿದರು. ಇನ್ನೂ ಬಾಯಲ್ಲೇ ಇದೆ.

ನನ್ನದು, ಅವಳದು ಎರಡೂ ಉತ್ತರಪತ್ರಿಕೆ ಸರ್ ಬೀರುವಿನಲ್ಲೇ ಇವೆ. ಪಕ್ಕಪಕ್ಕ ಇಟ್ಟು ನೋಡಿ ಸರ್ ಅಂದರೆ ಸಾಕು. ಅಷ್ಟೇ ಮಾತು. ಆದರೆ ಆ ತಾಯಿಯ ಎದುರಿಗೆ...

ಸರ್ ಕರೆದರು. "ಬಾಮ್ಮ ಮೇಘಶ್ರೀ, ಏನೋ ಹೇಳ್ಬೇಕು ಅಂದ್ಯಲ್ಲ?"

ಸ್ವಾತಿ ತಿರುಗಿ ನೋಡಿದಳು. ನಕ್ಕಳು. ಒಂದು ಚೂರೂ ಹೆದರಿಕೆಯಿಲ್ಲ ಆ ಮುಖದಲ್ಲಿ. ನಾನು ಸುಮ್ಮನಿರುತ್ತೇನೆ ಅಂತ ಇನ್ನೂ ನಂಬಿದ್ದಾಳೆ. ಎರಡೂ ಹಾಳೆ ತೆಗೀರಿ ಸರ್ ಅನ್ನಲು ಒಳಗೆ ಹೋಗುತ್ತಿದ್ದೇನೆ —