ಸಣ್ಣ ಮಾಡಿ ನೋಡಿದ ಸ್ಪೀಕರ್

15 ಜೂನ್ 2024, ಶನಿವಾರ

ಅಂಗಡಿಯ ನಂದಕುಮಾರ್ ನಕ್ಕಿದ್ದು ಇನ್ನೂ ತಲೆಯಲ್ಲಿ ಕೊರೀತಿದೆ. "ಎಲ್ಲರೂ ಜೋರು ಮಾಡಿ ನೋಡ್ತಾರೆ ಮೇಡಂ, ನೀವೊಬ್ರೇ ಸಣ್ಣ ಮಾಡಿ ನೋಡ್ತಿರೋದು!" ಮೂರು ಸ್ಮಾರ್ಟ್ ಸ್ಪೀಕರ್ ಮುಂದಿಟ್ಟಿದ್ದ. ದೊಡ್ಡದು ಹಾಡಿದ್ರೆ ಗಾಜಿನ ಬಾಗಿಲು ನಡುಗ್ತಿತ್ತು. ನಾನು ಮೂರರ ದನಿಯನ್ನೂ ಪಿಸುಮಾತಿಗೆ ಇಳಿಸಿದೆ. ಆಗಲೂ ಹಾಡಿನ ಮಾತು ಬಿಡಿಬಿಡಿಯಾಗಿ ಕೇಳಿಸಿದ್ದು ಚಿಕ್ಕದರಲ್ಲಿ. ಅದನ್ನೇ ತಂದೆ.

ಅವನಿಗೆ ಏನಂತ ಹೇಳೋದು? ನಮ್ಮೂರು ಹೋಳೂರಲ್ಲಿ ರೇಡಿಯೋ ಇದ್ದದ್ದು ರೇಷ್ಮೆ ಹುಳದ ಮನೆಯಲ್ಲಿ. ಬಲಿತ ಹುಳ ಸೊಪ್ಪು ಮೇಯೋ ಸದ್ದು, ಒಣ ತರಗಿನ ಮೇಲೆ ಕೋಳಿ ಓಡಾಡಿದ ಹಾಗೆ. ಆ ಸದ್ದು ನಿಂತರೆ ಸೊಪ್ಪು ಮುಗೀತು ಅಂತ. ಅದಕ್ಕೇ ರೇಡಿಯೋ ಹುಳಕ್ಕಿಂತ ಮೆಲ್ಲಗೆ ಹಾಡಬೇಕಿತ್ತು. ಸ್ವಲ್ಪ ಜೋರು ಮಾಡಿದ್ರೂ ಅಮ್ಮ ಕೂಗೋಳು, "ಲೇ, ಸಣ್ಣ ಮಾಡೇ, ಹುಳ ಹಸ್ಕೊಂಡಿದ್ರೆ ಗೊತ್ತಾಗಲ್ಲ!"

ಹುಳ ಸಾಕೋದು ಬಿಟ್ಟು, ಅಮ್ಮನ್ನ ಕರ್ಕೊಂಡು ಕೋಲಾರದ ಈ ಮನೆಗೆ ಬಂದು ಒಂಬತ್ತು ವರ್ಷ.

ಸಂಜೆ ಸ್ಪೀಕರನ್ನ ಅಡುಗೆಮನೆ ಕಟ್ಟೆ ಮೇಲಿಟ್ಟು ಒಂದು ಹಳೇ ಹಾಡು ಹಾಕಿಸಿದೆ. ಹುರುಳಿಕಾಯಿ ಬಿಡಿಸ್ತಿದ್ದ ಅಮ್ಮ ಕೈ ನಿಲ್ಲಿಸಿ, "ಇನ್ನೊಂಚೂರು ಸಣ್ಣ ಮಾಡೇ ಸರಳಾ" ಅಂದ್ಳು. ಮಾಡಿದೆ. ಇಬ್ಬರೂ ಕೇಳ್ತಾ ಕೂತ್ವಿ.

ಹಾಡು ಮುಗೀತು. ಮನೆಯಲ್ಲಿ ಒಂದು ಸದ್ದೂ ಇಲ್ಲ. ಸೊಪ್ಪು ಹಾಕೋ ಹೊತ್ತಾಯ್ತೇನೋ ಅನ್ನೋ ಹಾಗೆ ಅಮ್ಮ ದಡಕ್ಕನೆ ಎದ್ದು ನಿಂತಳು. ಆಮೇಲೆ ನಾಚಿಕೊಂಡು ನನ್ನ ಕಡೆ ನೋಡಿದಳು.

ನಾನೂ ಎದ್ದು ನಿಂತಿದ್ದೆ.