ನಿನ್ನ ನಂಬರ್ ಕೊಟ್ಟು ಬಂದೆ

ಮಾರ್ಚ್ ೧೧, ಬುಧವಾರ

ಪ್ರೀತಿಯ ತಂಗೀ,

ನಿನ್ನ ಕಾಗದ ಬಂದು ತಿಂಗಳಾಯಿತು, ಉತ್ತರ ಬರೆಯದಿದ್ದದ್ದು ನನ್ನದೇ ತಪ್ಪು. ಫೋನ್ ಮಾಡಿದರೆ ದನಿಯಲ್ಲೇ ನನ್ನನ್ನು ಹಿಡಿದುಹಾಕುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ. ಮಂಡಿನೋವು ಹೇಗಿದೆ? ಮೆಟ್ಟಿಲು ಹತ್ತಬೇಡವೆಂದರೆ ನೀನು ಕೇಳುವವಳಲ್ಲ.

ಇವತ್ತು ಒಂದು ಮನೆಗೆ ಕೆಲಸ ಕೇಳಲು ಹೋಗಿದ್ದೆ. ನಾಲ್ಕನೇ ಮಹಡಿ, ಆರು ತಿಂಗಳ ಹೆಣ್ಣುಮಗು. ಇಪ್ಪತ್ತಾರು ವರ್ಷದಲ್ಲಿ ಹನ್ನೊಂದು ಮಕ್ಕಳನ್ನು ಎತ್ತಿ ಆಡಿಸಿದ ನಾನು, ಬೆಲ್ ಒತ್ತದೆ ಎರಡು ಸಲ ವಾಪಸ್ ಇಳಿದೆ. ಮಗುವಿನ ತಾಯಿ ವಕೀಲರು. ಬಾಟಲಿ ಎಷ್ಟು ಹೊತ್ತು ಕುದಿಸ್ತೀರಿ, ಜ್ವರ ಬಂದರೆ ಮೊದಲು ಏನು ಮಾಡ್ತೀರಿ ಎಂದೆಲ್ಲ ಹಾಳೆ ನೋಡಿಕೊಂಡು ಕೇಳಿದರು. ಅದನ್ನೆಲ್ಲ ನಿದ್ದೆಯಲ್ಲೂ ಹೇಳಬಲ್ಲೆ. ಮಗು ನನ್ನ ಕನ್ನಡಕ ಕಿತ್ತು ಬಾಯಿಗಿಟ್ಟುಕೊಂಡಿತು, ಅದರ ಕಡೆಯಿಂದ ಕೆಲಸ ಸಿಕ್ಕ ಹಾಗೆಯೇ.

"ಹಿಂದಿನ ಮನೆ ಯಾಕೆ ಬಿಟ್ರಿ ಆಂಟಿ?"

"ಮಗು ಸ್ಕೂಲಿಗೆ ಸೇರ್ಕೊಂಡ್ತು."

"ಅವರ ನಂಬರ್ ಕೊಡಿ. ಶುಕ್ರವಾರ ಒಂದು ಮಾತು ಕೇಳ್ಬಿಡ್ತೀನಿ, ಬೇಜಾರು ಮಾಡ್ಕೋಬೇಡಿ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. "ಅಲ್ಲಿ ಏನೂ ಆಗಿಲ್ಲಮ್ಮ" ಎಂದುಬಿಟ್ಟೆ! ಅವರು ಪೆನ್ನು ಹಿಡಿದು ಕಾಯುತ್ತಿದ್ದರು. ನಾನು ನಿನ್ನ ನಂಬರ್ ಹೇಳಿದೆ.

ಹೌದು ಕಣೇ, ನಿನ್ನದೇ. ಹಿಂದಿನ ಮನೆಯ ಯಜಮಾನಿಯ ಹಾಗೆ ಮಾತಾಡು, ನಗು ಮಾತ್ರ ತಡೆದುಕೋ. ಬಂದಾಗಿನಿಂದ ಊಟ ಸೇರಿಲ್ಲ. ಭಯವಾಗುತ್ತಿದೆ. ಈ ಕೆಲಸ ಬಿಟ್ಟರೆ ನನಗೆ ಬೇರೇನೂ ಬರುವುದಿಲ್ಲ. ಪಕ್ಕದ ಮನೆಯ ಡ್ರೈವರ್ ನಾಳೆ ನಿಮ್ಮ ಕಡೆ ಬರುತ್ತಾನೆ, ಅವನ ಹತ್ತಿರ ಇದನ್ನು ಕಳಿಸುತ್ತೇನೆ.

ನೀನೂ ಮಕ್ಕಳೂ ನೂರು ಕಾಲ ತಣ್ಣಗಿರಿ.

ನಿನ್ನ ಅಕ್ಕ

ಮರೆತದ್ದು: ಮರೆತದ್ದಲ್ಲ, ಮುಚ್ಚಿಟ್ಟದ್ದು. ಅಂಟಿಸಿದ ಲಕೋಟೆಯನ್ನು ಹರಿದು ಬರೆಯುತ್ತಿದ್ದೇನೆ. ಹಿಂದಿನ ಮನೆಯ ಮಗು ಸ್ಕೂಲಿಗೆ ಸೇರಲಿಲ್ಲ, ಅದಕ್ಕಿನ್ನೂ ಒಂಬತ್ತು ತಿಂಗಳು. ಸ್ನಾನ ಮಾಡಿಸುವಾಗ ನನ್ನ ಬಲಗೈ ಬೆರಳುಗಳು ಮರಗಟ್ಟಿ, ಮಗು ಟಬ್ಬಿನಲ್ಲಿ ಮುಳುಗಿತು. ಎಡಗೈಯಲ್ಲಿ ಎತ್ತಿದೆ. ಕೆಮ್ಮಿತು, ಅತ್ತಿತು, ಬದುಕಿತು. ಯಜಮಾನಿ ಬಾಗಿಲಲ್ಲೇ ನಿಂತಿದ್ದರು. ಸೋಪಿಗೆ ಜಾರಿತು ಎಂದೆ. ಅವರು ಬೈಯಲಿಲ್ಲ, ಮಗುವನ್ನು ನನ್ನಿಂದ ತೆಗೆದುಕೊಂಡರು, ಅಷ್ಟೇ.

ಇವತ್ತು ಮೆಟ್ಟಿಲಿಳಿಯುವಾಗ ಬೆರಳುಗಳು ಮತ್ತೆ ಹಾಗೇ ಆದವು. ಶುಕ್ರವಾರ ಫೋನ್ ಬಂದರೆ ಮೇಲೆ ಬರೆದದ್ದನ್ನು ಹೇಳಬೇಡ, ಇದನ್ನು ಹೇಳು. ನನ್ನ ಬಾಯಿಂದ ಬರುವುದಿಲ್ಲ. ನಾಲ್ಕನೇ ಮಹಡಿಯ ಆ ಮಗುವನ್ನು ಇನ್ನೊಮ್ಮೆ ಎತ್ತಿಕೊಂಡರೆ ಖಂಡಿತ ಬರುವುದಿಲ್ಲ.