ಖಾಲಿ ಹೊಟ್ಟೆಯ ಕೆನೆಕಾಫಿ

೧೪ ಮಾರ್ಚ್ ೧೯೭೨, ಮಂಗಳವಾರ

ಇವತ್ತು ತೆಗೆದ ಹದಿನೇಳು ಜನರ ರಕ್ತವೂ ವ್ಯರ್ಥ. ಉತ್ತರ ಕರೇಲಿಯ ಪ್ರಾಂತ್ಯದ ಈ ಊರಿನವರ ಹೃದಯಕ್ಕೆ ಎಷ್ಟು ಅಪಾಯವಿದೆಯೆಂದು ರಕ್ತದ ಕೊಬ್ಬು ನೋಡಿ ತಿಳಿಯಬೇಕು. ಖಾಲಿ ಹೊಟ್ಟೆಯಲ್ಲಿ ಬನ್ನಿ ಎಂದಿದ್ದೆ. ಕೊನೆಗೆ ಬಂದ ಮರ ಕಡಿಯುವ ತೌನೊ ತೋಳು ಚಾಚಿ, “ಏನೂ ತಿಂದಿಲ್ಲ ಸಿಸ್ಟರ್, ಬರೀ ಮೂರು ಲೋಟ ಕೆನೆಕಾಫಿ” ಅಂದ. ವಿಚಾರಿಸಿದರೆ ಎಲ್ಲರೂ ಕೆನೆಕಾಫಿ ಕುಡಿದೇ ಬಂದವರು, ಆ ಕೆನೆಯ ಕೊಬ್ಬೂ ರಕ್ತದಲ್ಲಿ ಬೆರೆತಿರುತ್ತೆ! ಸಿಡುಕಿದೆ.

“ಕಾಫಿ ಯಾವಾಗಿಂದ ಊಟ ಆಯ್ತು?” ಅಂತ ಇನ್ನೂ ಅಲ್ಲೇ ಇದ್ದವರ ನಗು ಬೇರೆ.

ತೌನೊ ಮಾತ್ರ ನಗಲಿಲ್ಲ. ಅವನ ಇಬ್ಬರು ಅಣ್ಣಂದಿರೂ ಎದೆನೋವಿನಿಂದಲೇ ಹೋದವರು.

“ನನ್ನ ಸರದಿ ಯಾವಾಗ ಅಂತ ರಕ್ತ ಹೇಳುತ್ತಾ?”

“ನೂರರಲ್ಲಿ ಎಷ್ಟು ಮಂದಿಗೆ ಅಂತ ಹೇಳುತ್ತೆ. ಯಾರಿಗೆ ಅಂತ ಹೇಳಲ್ಲ. ಗುರುವಾರ ಮತ್ತೆ ತೆಗೀಬೇಕು.”

“ಸರಿ, ಗುರುವಾರ ಕಾಫಿ ಬಿಟ್ಟು ಬರ್ತೀನಿ.”

ಅಣ್ಣಂದಿರನ್ನು ಮಣ್ಣು ಮಾಡಿದ ಬೆಳಿಗ್ಗೆಗಳಲ್ಲೂ ಕಾಫಿ ಬಿಡದವನು. ಅಂಥವನ ಮೇಲೆ ಸಿಡುಕಿದೆನಲ್ಲ...